ಹುಳುಮನೆ ಸೇರಿದ ಲ್ಯಾಪ್‌ಟಾಪು

ಮೊದಲೇ ಹೇಳಿಬಿಡುತ್ತೇನೆ, ನನಗಿನ್ನೂ ಕೋಪ ಇಳಿದಿಲ್ಲ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು ನಾನು. ಅಂಥವನ ಮಗಳ ಲ್ಯಾಪ್‌ಟಾಪ್ ತೆವಳುವುದೆಂದರೇನು! ಚೈತ್ರ ಅದೇ ಕಾಲೇಜಿನಲ್ಲಿ ಓದುತ್ತಾಳೆ; ಸೋಮವಾರ ಅವಳ ಸೆಮಿನಾರ್, ಅದೂ ಸ್ವಂತ ಲ್ಯಾಪ್‌ಟಾಪಿನಲ್ಲೇ ತೋರಿಸಬೇಕು. "ಭಾನುವಾರ ಸಂಜೆಗೆ ಒಸದಕ್ಕಿಂತ ಜೋರಾಗಿ ಓಡ್ತದೆ, ಬುಡವ್ವ" ಎಂದು ಮಾತು ಕೊಟ್ಟೆ.

ಸಿದ್ಧವಾಗಿ ಸಿಗುವ ಸಿಸ್ಟಮ್ ಹಾಕುವುದು ನನ್ನ ಘನತೆಗೆ ಕಮ್ಮಿ. ಸೋರ್ಸ್ ಕೋಡ್ ಇಳಿಸಿಕೊಂಡು, ಒಂದೊಂದು ತುಣುಕನ್ನೂ ಆ ಯಂತ್ರದಲ್ಲೇ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಬುಡದಿಂದ ಲಿನಕ್ಸ್ ಎಂಬ ಸಿಸ್ಟಮ್ ಕಟ್ಟುವುದೆಂದು ತೀರ್ಮಾನಿಸಿದೆ. ರಾಗಿ ತಂದು ನಾವೇ ಬೀಸಿ ಮುದ್ದೆ ಕಟ್ಟಿದ ಹಾಗೆ! ಶುಭಾರಂಭವಾಗಿ ಹಳೆಯದನ್ನು ಪೂರ್ತಿ ಅಳಿಸಿದೆ.

"ಒಸದು ಎದ್ದು ನಿಂತ್ಮೇಲೆ ಅಳೇದ ಅಳುಸ್ಬಾರ್ದಿತ್ತಾ?" ಎಂದಳು ಹೆಂಡತಿ ಮಂಗಳ.

"ನಿಂಗೇನ್ ಗೊತ್ತು? ಸುಮ್ಕಿರು!" ಎಂದು ಗದರಿದೆ.

ಶುಕ್ರವಾರ ಶುರುವಾದ ಕಂಪೈಲ್ ಶನಿವಾರವೂ ಮುಗಿಯಲಿಲ್ಲ. ಲ್ಯಾಪ್‌ಟಾಪ್ ಕಾದ ಹೆಂಚಾಗಿ ತಾನಾಗಿಯೇ ಆರಿತು. ಹಚ್ಚಿದೆ. ಮತ್ತೆ ಆರಿತು! ಬೈದೆ, ಕುಟ್ಟಿದೆ, ಅದರ ವಂಶಕ್ಕೆಲ್ಲ ಶಾಪ ಹಾಕಿದೆ.

ಮುಳ್ಳೂರಿನ ನಮ್ಮ ಮನೆಯಲ್ಲಿ ತಂಪಾದ ಜಾಗ ಒಂದೇ, ಮಂಗಳ ರೇಷ್ಮೆ ಹುಳು ಸಾಕುವ ಹುಳುಮನೆ. ಕಿಟಕಿಗೆಲ್ಲ ಒದ್ದೆ ಗೋಣಿತಾಟು. ಅಲ್ಲೊಂದು ಖಾಲಿ ಚಂದ್ರಿಕೆಯೂ ಇತ್ತು; ಮೇವು ತಿಂದು ಬಲಿತು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಅಡಿಯಿಂದ ಗಾಳಿಯಾಡಲು ಇದಕ್ಕಿಂತ ಬೇಕೆ! ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಅದರ ಮೇಲಿಟ್ಟು, ಕಂಪೈಲನ್ನು ಮತ್ತೆ ಹಚ್ಚಿ, ಧೂಳು ಕೂರದಂತೆ ಹಳೇ ಪಂಚೆ ಹೊದಿಸಿ, ಯಾರಿಗೂ ಹೇಳದೆ ಯಳಂದೂರಿಗೆ ಬೀಗರೂಟಕ್ಕೆ ಹೋದೆ.

ಸಂಜೆ ಬಂದು ಪಂಚೆ ಎತ್ತಿದರೆ ಅಡಿಯಲ್ಲೆಲ್ಲ ಹುಳು! ಹುಳುಗಳೆಲ್ಲ ಅಂದೇ ಹಣ್ಣಾಗಿದ್ದವು. ಕೂಲಿ ಹೆಂಗಸರು ಅವಸರದಲ್ಲಿ ಎಲ್ಲ ಚಂದ್ರಿಕೆಗೂ ಹುಳು ಬಿಟ್ಟಿದ್ದರು. ಪಂಚೆಯಡಿಯ ಬೆಚ್ಚನೆಯ ಕತ್ತಲಿಗೆ ನುಗ್ಗಿದ ಹುಳುಗಳು ಕೀಬೋರ್ಡಿನ ಮೇಲೆ, ಫ್ಯಾನಿನ ಸಂದಿಯಲ್ಲಿ ನಿಶ್ಚಿಂತೆಯಾಗಿ ನೂಲು ಬಿಡುತ್ತಿದ್ದವು. ಫ್ಯಾನ್ ನಿಂತಿತ್ತು. ಲಿನಕ್ಸೂ ನಿಂತಿತ್ತು!

"ಯಾರೇ ಇದ್ರ ಮೇಲೆ ಉಳ ಬುಟ್ಟೋರು!" ಎಂದು ಅಬ್ಬರಿಸಿ ಕೈ ಚಾಚಿದೆ.

"ಕೈ ಇಕ್ಕುದ್ರೆ ನೋಡಿ! ಗೂಡ್ ಕಟ್ಟೋ ಉಳ ಅಲ್ಲಾಡುಸ್ಬಾರ್ದು. ಗೂಡ್ ಬುಡ್ಸೋಗಂಟ ಆ ಚಂದ್ರಿಕೆ ಯಾರೂ ಮುಟ್ಟಂಗಿಲ್ಲ" ಎಂದಳು ಮಂಗಳ.

"ನಾಳೆ ಮಗಳ ಸೆಮಿನಾರ್ ಕಣೇ!"

"ಮಡಗೋವಾಗ ಗ್ಯಾನ ಇರ್ಲಿಲ್ವಾ? ಉಳ ನಂದು, ಚಂದ್ರಿಕೆ ನಂದು. ನಿಮ್ದೇನದೆ ಅಲ್ಲಿ?"

"ಲ್ಯಾಪ್‌ಟಾಪು!"

"ಅದು ಚೈತ್ರಂದು."

ಮೈಯೆಲ್ಲ ಉರಿದುಹೋಯಿತು. ಹುಳುಗಳನ್ನು, ಲಿನಕ್ಸನ್ನು, ಯಳಂದೂರಿನ ಬೀಗರನ್ನೂ ಸೇರಿಸಿ ಬೈದೆ. "ಕಿರುಚ್ಬೇಡಿ, ಈಚ್ಗೋಗಿ" ಎಂದು ಮಂಗಳ ಬಾಗಿಲು ಹಾಕಿಕೊಂಡಳು.

ಸೋಮವಾರ ಚೈತ್ರ ಮುಖ ಊದಿಸಿಕೊಂಡು ಬರಿಗೈಯಲ್ಲಿ ಕಾಲೇಜಿಗೆ ಹೋದಳು. ಅವಳ ಮೇಷ್ಟ್ರು ಮಹಾ ಜಿಗುಟು. ಜ್ವರ ಅಂದವರಿಗೂ ಸೊನ್ನೆ, ಬಸ್ಸು ಬರಲಿಲ್ಲ ಅಂದವರಿಗೂ ಸೊನ್ನೆ. ನಾನು ಲ್ಯಾಬಿನಲ್ಲಿ ಕೂತು ಕಂಡ ಹುಡುಗರ ಮೇಲೆಲ್ಲ ರೇಗಿದೆ. ಸಂಜೆ ನೋಡಿದರೆ ಮಗಳು ನಗುತ್ತಾ ಬಂದಳು!

"ಏನಂದ್ರವ್ವ ಮೇಷ್ಟ್ರು?"

"ಲ್ಯಾಪ್‌ಟಾಪ್ ಎಲ್ಲಮ್ಮ ಅಂದ್ರು. ನಮ್ಮಪ್ಪ ಸರಿ ಮಾಡ್ತಾವ್ರೆ ಸಾ ಅಂದೆ. ಅಷ್ಟೇಯ. ಅಯ್ಯೋ ಪಾಪ ಅಂದ್ಬುಟ್ಟು, ಮುಂದಿನ್ ತಿಂಗ್ಳು ಮಾಡು ಅಂದ್ರು."

ಆ ಕಾಲೇಜಿನಲ್ಲಿ ನನ್ನ ಹೆಸರು ಹೇಳಿ ಒಂದು ಕೆಲಸವಾದದ್ದು ಅದೇ ಮೊದಲು!