ಎ.ಸಿ. ಹಾಕಿದರೆ ನಡುಗುವ ಕಾರು

ನನ್ನ ಹೆಂಡತಿಯ ಪ್ರಕಾರ ನನ್ನದೂ ನಮ್ಮ ಕಾರಿನದೂ ಒಂದೇ ಸ್ವಭಾವ. ಸುಮ್ಮನೆ ನಿಂತಿರುವಾಗ ಇಬ್ಬರೂ ಚೆನ್ನಾಗಿಯೇ ಇರುತ್ತೇವೆ. ಒಂದು ಕೆಲಸ ಹೆಚ್ಚಿಗೆ ಹೇಳಿದರೆ ಸಾಕು, ಗಡಗಡ ನಡುಗಿ, ಕೆಮ್ಮಿ, ನಿಂತುಬಿಡುತ್ತೇವೆ.

ನನ್ನ ಮಾತು ಬಿಡಿ. ಕಾರಿನ ವಿಷಯದಲ್ಲಿ ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಓಡುವಾಗ ಎ.ಸಿ. ಹಾಕಿದರೆ ಅದಕ್ಕೇನೂ ತಕರಾರಿರಲಿಲ್ಲ. ಕೆಂಪು ದೀಪದ ಮುಂದೆ ನಿಂತಿತೋ, ಎಂಜಿನ್ನಿನ ಉಸಿರು ಇಳಿಯುತ್ತಿತ್ತು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಸೊನ್ನೆಯ ಕಡೆ ಜಾರಿ, ಸೀಟು, ಕನ್ನಡಿ, ನಮ್ಮಿಬ್ಬರ ದವಡೆ ಎಲ್ಲವೂ ಕಟಕಟ ಎನ್ನುತ್ತಿದ್ದವು. ಆಮೇಲೆ ಮೌನ. ಅದರ ಬೆನ್ನಿಗೇ ಹಿಂದಿನ ವಾಹನಗಳ ಸಮೂಹಗಾನ.

ಬೇರೆ ಕಾಲವಾಗಿದ್ದರೆ ನಗುತ್ತಿದ್ದೆವೇನೋ. ಆ ವರ್ಷ ಪ್ರತಿ ಮಂಗಳವಾರ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ನಾಲ್ಕು ಗಂಟೆ ಹೊತ್ತು ನರಕ್ಕೆ ಹನಿಹನಿಯಾಗಿ ಔಷಧಿ ಬಿಡುತ್ತಿದ್ದರು. ವಾಪಸು ಬರುವಾಗ ಅವಳ ಮೈ ಕುದಿಯುತ್ತಿತ್ತು. ಎ.ಸಿ. ಹಾಕಿದರೆ ನಡುಕಕ್ಕೆ ವಾಂತಿ, ಆರಿಸಿದರೆ ಸೆಕೆಗೆ ವಾಂತಿ. ಮನೆಗೂ ಆಸ್ಪತ್ರೆಗೂ ನಡುವೆ ಹನ್ನೊಂದು ಸಿಗ್ನಲ್ಲು. ಪ್ರತಿಯೊಂದರಲ್ಲೂ ನಾನು ಎ.ಸಿ. ಆರಿಸುವುದು, ಹಸಿರು ಬಂದ ಮೇಲೆ ಹಾಕುವುದು. ಅವಳು ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿದ್ದಳು. “ಏಳಾಯ್ತು. ಇನ್ನು ನಾಲ್ಕು ಸಲ ಬೇಯ್ಬೇಕು,” ಎನ್ನುತ್ತಿದ್ದಳು.

ನಾನು ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು. ಸಾಸಿವೆ ಕಾಳಿಗಿಂತ ಸಣ್ಣ ತಿರುಪುಗಳು ನನ್ನ ಮಾತು ಕೇಳುತ್ತವೆ. ಹೀಗಿರುವಾಗ ಕಾರಿನ ತಿರುಪು ಯಾವ ಮಹಾ? ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಎಂದು ಅವಳು ತಿಂಗಳುಗಟ್ಟಲೆ ಹೇಳಿದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಭಾನುವಾರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿದೆ. ಕಾರು ನಿಂತಿರುವಾಗ ಎಂಜಿನ್ ಓಡುವ ವೇಗವನ್ನು ಏರಿಸುವ ತಿರುಪು ಸಿಕ್ಕಿತು. ಕಾಲು ಸುತ್ತು ತಿರುಗಿಸಿದೆ. ಸಾಲದೆನ್ನಿಸಿ ಇನ್ನೆರಡು ಸುತ್ತು ತಿರುಗಿಸಿದೆ. (ಗಡಿಯಾರಕ್ಕೆ ಎಂದೂ ಮಾಡದ ಅನ್ಯಾಯ.) ಎ.ಸಿ. ಹಾಕಿ ನೋಡಿದರೆ ನಡುಕವೇ ಇಲ್ಲ. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಕೈ ತೊಳೆದುಕೊಂಡೆ.

ಮಂಗಳವಾರ ಆಸ್ಪತ್ರೆಯ ಬಾಗಿಲವರೆಗೂ ಸುಖಪ್ರಯಾಣ. ಅಲ್ಲಿ ಎ.ಸಿ. ಆರಿಸಿದ್ದೇ ತಡ, ಹೊರೆ ಇಳಿದ ಎಂಜಿನ್ ಹುಲಿಯಂತೆ ಗರ್ಜಿಸಿತು. ನಾನು ಬೆಚ್ಚಿ ಕ್ಲಚ್ಚಿನಿಂದ ಕಾಲು ತೆಗೆದೆ. ಕಾರು ಮುಂದಕ್ಕೆ ನೆಗೆದು, ಕಾವಲುಗಾರನ ಸ್ಟೂಲನ್ನು ಗೋಡೆಗೆ ಒತ್ತಿ ನಿಂತಿತು. ಪುಣ್ಯಕ್ಕೆ ಸ್ಟೂಲಿನ ಮೇಲೆ ಅವನಿರಲಿಲ್ಲ, ಅವನ ಊಟದ ಡಬ್ಬಿ ಇತ್ತು. ತಿರುಪು ತಿರುಗಿಸಿದ ತಪ್ಪಿಗೆ ತಿರುಪೆಯವನಂತೆ ಅವನ ಮುಂದೆ ಕೈಯೊಡ್ಡಿ ಕ್ಷಮೆ ಬೇಡಿದೆ. ಹೆಂಡತಿ ತನ್ನ ಡಬ್ಬಿಯನ್ನು ಅವನ ಕೈಗಿಟ್ಟು, ತನಗೆ ಹೇಗೂ ಸೇರುವುದಿಲ್ಲ, ನೀನೇ ತಿನ್ನಪ್ಪ ಎಂದಳು. ನನ್ನ ಮಾನ ಉಳಿಸಲು ಹಾಗೆಂದಳೆಂದು ನಾನು ತಿಳಿದೆ. ಅವಳು ನಿಜವನ್ನೇ ಹೇಳುತ್ತಿದ್ದಳು.

ಅಂದು ಅವಳಿಗೆ ಏನೇನೋ ಪರೀಕ್ಷೆಗಳಾದವು. ಫಲಿತಾಂಶವನ್ನು ಫೋನಿನಲ್ಲಿ ತಿಳಿಸುತ್ತೇವೆಂದರು.

ಮುಂದಿನ ಸೋಮವಾರ ಗರ್ವ ಬಿಟ್ಟು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಮೊದಲು ನನ್ನ ತಿರುಪನ್ನು ಹಿಂದಕ್ಕೆ ತಿರುಗಿಸಿದ. ಆಮೇಲೆ ವಿವರಿಸಿದ. ಎ.ಸಿ.ಯನ್ನು ತಿರುಗಿಸುವುದೂ ಇದೇ ಎಂಜಿನ್ನು. ಹಾಕಿದ ಕ್ಷಣ ಅದಕ್ಕೆ ಹೊರೆ ಬೀಳುತ್ತದೆ. ಆಗ ಸಣ್ಣದೊಂದು ಕವಾಟ ತಾನಾಗಿ ತೆರೆದು ಹೆಚ್ಚು ಗಾಳಿ ಕೊಡಬೇಕು. ನಮ್ಮದು ಮಸಿ ಕಟ್ಟಿ ಅಂಟಿಕೊಂಡಿತ್ತು. ಬಿಚ್ಚಿ ತೊಳೆದು ಕೂರಿಸಿ ಎ.ಸಿ. ಒತ್ತಿದ. ಎಂಟುನೂರರಲ್ಲಿದ್ದ ಮುಳ್ಳು ಚೂರು ತಗ್ಗಿ, ಒಂಬೈನೂರಕ್ಕೆ ಏರಿ ನಿಂತಿತು.

“ಎಷ್ಟು ದಿನದಿಂದ ಹೀಗಿತ್ತು?” ಎಂದು ಕೇಳಿದ.

“ಎಂಟು ತಿಂಗಳು.”

“ಅರ್ಧ ಗಂಟೆ ಕೆಲಸ ಸ್ವಾಮಿ ಇದು.”

ಮನೆಗೆ ಬಂದವನು ಊಟದುದ್ದಕ್ಕೂ ಕವಾಟದ ಮಹಿಮೆ ಕೊಂಡಾಡಿದೆ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಮುಳ್ಳು ಎಷ್ಟಕ್ಕೆ ಏರಿತೆಂದೂ ವಿಚಾರಿಸಿದಳು. ಮೂವತ್ತಾರು ವರ್ಷದ ಸಂಸಾರದಲ್ಲಿ ನನ್ನ ಯಂತ್ರಜ್ಞಾನಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ನಾಳೆ ಹನ್ನೊಂದು ಸಿಗ್ನಲ್ಲಿನಲ್ಲೂ ಎ.ಸಿ. ಆರಿಸುವುದಿಲ್ಲ, ರಾಣಿಯ ಹಾಗೆ ಕೂತು ಬಾ ಎಂದೆ.

ಅವಳು ತಟ್ಟೆ ಸರಿಸಿದಳು. “ನಾಳೆ ಹೋಗೋದು ಬೇಡವಂತೆ ರೀ. ಡಾಕ್ಟ್ರು ಫೋನ್ ಮಾಡಿದ್ರು. ಔಷಧಿ ಹಿಡೀತಿಲ್ಲವಂತೆ. ನಿಲ್ಲಿಸೋಣ ಅಂದ್ರು.”

ತುತ್ತು ನನ್ನ ಕೈಯಲ್ಲೇ ಉಳಿಯಿತು. ಯಾವಾಗ ಮಾಡಿದ್ದರೆಂದು ಕೇಳಿದೆ.

“ಬೆಳಗ್ಗೆ. ನೀವು ಗ್ಯಾರೇಜಿಗೆ ಹೊರಟಿದ್ರಿ.”

“ಆಗಲೇ ಯಾಕೆ ಹೇಳಲಿಲ್ಲ?”

“ಎಂಟು ತಿಂಗಳಾದ ಮೇಲೆ ಒಪ್ಪಿ ಹೊರಟಿದ್ರಿ. ಹೇಳಿದ್ರೆ ಹೋಗ್ತಿದ್ರಾ?”

ಮರುದಿನ ಅದೇ ಹೊತ್ತಿಗೆ ಅವಳೇ ಶಾಲು ಹಿಡಿದು ಬಂದು ಕಾರಿನಲ್ಲಿ ಕುಳಿತಳು. ರಿಪೇರಿ ಹೇಗಾಗಿದೆ ನೋಡಬೇಕೆಂದಳು. ಎ.ಸಿ. ಹಾಕಿ ಹೊರಟೆ. ಮೊದಲ ಸಿಗ್ನಲ್ಲಿನಲ್ಲಿ ಕಾರು ಧ್ಯಾನಕ್ಕೆ ಕುಳಿತ ಮುನಿಯಂತೆ ನಿಂತಿತ್ತು. ಅವಳು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ ಪರೀಕ್ಷಿಸಿ, ಒಂದಿಷ್ಟೂ ಅಲುಗುವುದಿಲ್ಲವೆಂದು ತೀರ್ಪು ಕೊಟ್ಟಳು. ನನ್ನ ಕಣ್ಣು ಮುಳ್ಳಿನ ಮೇಲೇ ಇತ್ತು. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಎರಡನೆಯ ಸಿಗ್ನಲ್ಲಿನಲ್ಲಿ ಶಾಲು ಹೊದ್ದಳು. ಮೂರನೆಯದರಲ್ಲಿ, ಪರರ ಮನೆಯಲ್ಲಿ ನೀರು ಕೇಳುವವಳಂತೆ ಸಂಕೋಚಪಟ್ಟುಕೊಂಡು ನನ್ನ ತೋಳು ಮುಟ್ಟಿದಳು.

“ತಪ್ಪು ತಿಳ್ಕೋಬೇಡಿ ರೀ. ಚಳಿ ಆಗ್ತಿದೆ. ಆಫ್ ಮಾಡ್ತೀರಾ?”

ಆರಿಸಿದೆ. ಕಿಟಕಿ ಇಳಿಸಿದೆ. ರಸ್ತೆಯ ಬಿಸಿ ಗಾಳಿ, ಹೊಗೆ, ಧೂಳು ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ಅವಳು ಸೀಟಿಗೆ ತಲೆ ಒರಗಿಸಿ, “ಈಗ ಹಿತವಾಗಿದೆ,” ಎಂದಳು.