ಗಂಡನ ಹೆಸರಲ್ಲಿ ದಾಖಲಾದ ನೋವು

ಗಂಡ ಹೆಂಡತಿ ಕೂಡುವಾಗ ಹೆಂಗಸರಿಗೆ ಆಗುವ ನೋವಿನ ಬಗ್ಗೆ ಮನಶ್ಶಾಸ್ತ್ರದ ಸಂಶೋಧನೆ ನಡೆಸಲೆಂದೇ ಸ್ಥಾಪಿಸಿದ್ದ ಸಂಸ್ಥೆಯಲ್ಲಿ, ಒಂಬತ್ತು ವರ್ಷ ಕಳೆದರೂ ಅಂಥ ನೋವಿರುವ ಹೆಂಗಸು ಒಬ್ಬಳೂ ಪತ್ತೆಯಾಗಿರಲಿಲ್ಲ. ಹಾಗಂತ ಹೆಂಗಸರು ಬರುತ್ತಿರಲಿಲ್ಲ ಅನ್ನುವ ಹಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಕೆಳಗಿನ ಮೂರು ಬೆಂಚಿನ ತುಂಬ ಅವರೇ. ಆದರೆ ಬಂದವರೆಲ್ಲ ನೋವಿದೆ ಅಂದ ಕೂಡಲೇ ನಂಬಿಬಿಟ್ಟರೆ ಅದು ಸಂಶೋಧನೆಯೇ? ಅದಕ್ಕೊಂದು ನಿಯಮ ಬೇಡವೇ?

ನಿಯಮ ಗೋಡೆಯ ಮೇಲೆ ಇತ್ತು:

"ನೋವುಳ್ಳವರು ತಮ್ಮ ನೋವಿಗೆ ತಾವೇ ಸಾಕ್ಷಿಯಾಗತಕ್ಕದ್ದಲ್ಲ. ನೋವಿನಲ್ಲಿ ಅವರಿಗೆ ಸ್ವಂತ ಹಿತಾಸಕ್ತಿ ಇರುವುದರಿಂದ ಅವರ ಹೇಳಿಕೆಯನ್ನು ನಿಷ್ಪಕ್ಷಪಾತವೆಂದು ಪರಿಗಣಿಸಲಾಗದು. ಪತಿಯು ದೃಢೀಕರಿಸಿದ ನಂತರವೇ ಮಹಡಿಯ ಮೇಲಿನ ಡಾಕ್ಟರನ್ನು ಕಾಣತಕ್ಕದ್ದು."

ಮಹಡಿಯ ಡಾಕ್ಟರಮ್ಮ ಬಹಳ ಜಾಣೆ ಎಂದು ಹೆಸರಾಗಿತ್ತು. ಒಂಬತ್ತು ವರ್ಷದಿಂದ ಒಬ್ಬರೂ ಮೆಟ್ಟಿಲು ಹತ್ತದೇ ಇದ್ದುದರಿಂದ ಆ ಹೆಸರಿಗೆ ಕಳಂಕವೂ ಬಂದಿರಲಿಲ್ಲ.

ಮೂಲೆಮನೆಯ ಹೊಲಿಗೆಯವಳಿಗೆ ಆ ಮೆಟ್ಟಿಲು ಹತ್ತಲೇಬೇಕಿತ್ತು. ಮದುವೆಯಾಗಿ ನಾಲ್ಕು ವರ್ಷ. ಗಂಡ ಬಸ್ ಡ್ರೈವರ್, ಬಂಗಾರದಂಥ ಮನುಷ್ಯ. ಅವನು ಹತ್ತಿರ ಬಂದರೆ ಅವಳ ಮನಸ್ಸು ಬಾ ಅನ್ನುತ್ತಿತ್ತು, ಮೈ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಮೇಲೆ ಸಹಿಸಲಾರದ ನೋವು. ಅತ್ತೆಗೆ ಹೇಳಿದರೆ, "ಒಂದು ಹೆತ್ತುಬಿಡು, ಎಲ್ಲ ಸರಿಹೋಗುತ್ತೆ" ಅಂದಳು.

"ಹೆರೋದಕ್ಕೂ ಮುಂಚೆ ಒಂದು ಕೆಲಸ ಇದೆಯಲ್ಲ ಅತ್ತೆ, ತೊಂದ್ರೆ ಇರೋದೇ ಅಲ್ಲಿ."

ಅತ್ತೆಗೆ ಆಗ ಒಲೆಯ ಮೇಲೆ ಏನೋ ಇಟ್ಟ ನೆನಪಾಯಿತು.

ಸರಿ, ಗಂಡನನ್ನು ಕರೆದುಕೊಂಡು ಸಂಸ್ಥೆಗೆ ಹೋದಳು. ಅಲ್ಲಿನ ಗುಮಾಸ್ತನಿಗೆ ಎಲ್ಲರೂ ಮುದ್ರೆಯಪ್ಪ ಅಂತಲೇ ಕರೆಯುವುದು. ಮುದ್ರೆ ಒತ್ತುವುದಕ್ಕಿಂತ ಒತ್ತದೇ ಇರುವುದರಲ್ಲಿ ಪಳಗಿದ ಕೈ.

"ಇವರಿಗೆ ನೋವಿದೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಡ್ರೈವರನ್ನು ಕೇಳಿದ.

"ಅವಳೇ ಹೇಳಿದ್ಲು ಸ್ವಾಮಿ."

"ಅದು ಕೇಳಿದ ಮಾತಾಯ್ತು. ಕಣ್ಣಾರೆ ಕಂಡಿದ್ದೀರಾ?"

"ಮುಖ ನೋಡಿದ್ರೆ ತಿಳಿಯಲ್ವಾ? ಹಲ್ಲು ಕಚ್ಕೊಂಡಿರ್ತಾಳೆ."

"ಹಲ್ಲಿನ ಆಸ್ಪತ್ರೆ ಆಚೆ ಬೀದೀಲಿದೆ."

ಎರಡನೇ ಸಲ ಹೋದಾಗ, ನೋವು ಎಷ್ಟು ಉದ್ದ ಎಂದು ಕೇಳಿದ. ಮೂರನೇ ಸಲ ಅರ್ಜಿಯ ಏಳನೇ ಕಲಮಿನ ಮೇಲೆ ಬೆರಳಿಟ್ಟ. "ದೃಢೀಕರಿಸುವವರು ಸದರಿ ನೋವನ್ನು ಖುದ್ದು ಅನುಭವಿಸಿರುತ್ತಾರೆಯೇ? ಹೌದು, ಇಲ್ಲ, ಒಂದನ್ನು ಹೊಡೆದುಹಾಕಿ."

ಹೊಲಿಗೆಯವಳು ಸೆರಗು ಎಳೆದುಕೊಂಡು ಎದ್ದಳು. "ಬನ್ನಿ ರೀ, ಹೋಗೋಣ. ನನ್ನ ಹಣೇಲಿ ಇಷ್ಟೇ ಬರೆದಿರೋದು."

ಡ್ರೈವರ್ ಅವಳ ಮುಖ ನೋಡಿದ. ಪೆನ್ನು ಕಸಿದುಕೊಂಡು 'ಇಲ್ಲ' ಎಂಬುದನ್ನು ಕಾಗದ ಹರಿಯುವ ಹಾಗೆ ಹೊಡೆದುಹಾಕಿದ. "ಬರ್ಕೊಳ್ಳಿ. ಅನುಭವಿಸಿದ್ದೀನಿ. ನೋವಿರೋದೇ ನನಗೆ!"

ಮುದ್ರೆಯಪ್ಪ ತಟ್ಟನೆ ಎದ್ದು ನಿಂತ. "ಅಯ್ಯಯ್ಯೋ! ಮೊದಲೇ ಹೇಳಬಾರದೇ? ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ನಾಲ್ಕು ವರ್ಷ! ಇಂಥಾ ನೋವಿಟ್ಕೊಂಡು ನಿಂತಿದ್ದೀರಲ್ಲ ಸಾರ್, ಕೂತ್ಕೊಳ್ಳಿ. ಅಮ್ಮಾ, ನೀವು ಸ್ವಲ್ಪ ಜಾಗ ಬಿಡಿ."

ಪತಿ ದೃಢೀಕರಿಸಿದ್ದಾನೆ, ಖುದ್ದು ಅನುಭವಿಸಿದ್ದಾನೆ. ಯಾವ ಕಲಮಿಗೂ ಕೊರತೆಯಿಲ್ಲ. ಮುದ್ರೆ ಬಿತ್ತು. ಹೊಲಿಗೆಯವಳ ಹೆಸರು 'ರೋಗಿಯ ಜೊತೆಗಾರ್ತಿ' ಎಂಬ ಕಡೆ ಬಂತು.

ಮಹಡಿಯ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ನೋಡಿದಳು. "ನೋವು ಯಾರಿಗೆ?"

"ಕಾಗದದಲ್ಲಿ ನನಗೆ," ಅಂದ ಡ್ರೈವರ್.

"ಹಾಗಾದ್ರೆ ನೀವು ಆ ಕಿಟಕಿ ಹತ್ರ ಕೂತು ಪೇಪರ್ ಓದ್ತಾ ಇರಿ. ನೀನು ಬಾಮ್ಮ. ಏನು ಕೆಲಸ ಮಾಡ್ತೀಯ? ಹೊಲಿಗೆಯಾ? ಸೂಜಿ ಚುಚ್ಚಿದ ಬೆರಳು ಮತ್ತೆ ಸೂಜಿ ಕಂಡ್ರೆ ಏನು ಮಾಡುತ್ತೆ?"

"ತಾನೇ ಹಿಂದಕ್ಕೆ ಹೋಗುತ್ತೆ."

"ಬೆರಳು ನಾಟಕ ಆಡ್ತಿದೆ ಅಂತೀಯಾ?"

"ಇಲ್ಲಪ್ಪ, ಅದೇನು ಮಾಡುತ್ತೆ ಪಾಪ."

"ನಿನ್ನ ಮೈಯೂ ಪಾಪಾನೇ ತಾನೇ? ನೋವಿಗೆ ಹೆದರಿ ಬಿಗಿಯಾಗುತ್ತೆ, ಬಿಗಿಯಾದದ್ದಕ್ಕೆ ಇನ್ನೂ ನೋವಾಗುತ್ತೆ. ನೋವೂ ನಿಜ, ಹೆದರಿಕೇನೂ ನಿಜ."

ನಿಜ ಅನ್ನುವ ಮಾತು ನಾಲ್ಕು ವರ್ಷದಲ್ಲಿ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಅವಳು ಅಳುತ್ತಾ ನಕ್ಕಳು. ಉಸಿರಾಟ ಕಲಿಸಿ, ಮೈ ಸಡಿಲಿಸುವ ಅಭ್ಯಾಸ ಹೇಳಿಕೊಟ್ಟು, ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿ, "ಇವಳಾಗಿ ಹೂಂ ಅನ್ನೋವರೆಗೆ ಆತುರ ಕೂಡದು ರೋಗಿಗಳೇ" ಅಂದಳು. ರೋಗಿ ಪೇಪರಿನ ಹಿಂದಿನಿಂದಲೇ ಒಪ್ಪಿದ.

ಸುದ್ದಿ ಬೆಂಚಿನಿಂದ ಬೆಂಚಿಗೆ ಹರಡಿತು. ವಾರದೊಳಗೆ ನಲವತ್ತು ಗಂಡಂದಿರಿಗೆ ನೋವು. ಗಂಡ ಜೊತೆಗೆ ಬಾರದವರಿಗೆ ಅನ್ಯಾಯವಾಗಬಾರದೆಂದು ಸಂಸ್ಥೆ ಕಚೇರಿಯ ಜವಾನನನ್ನೇ ಗಂಡನ ಬದಲು ದೃಢೀಕರಿಸಲು ನೇಮಿಸಿತು. ಅವನು ಹನ್ನೊಂದು ಹೆಂಗಸರ ಪರವಾಗಿ ನೋವು ತಿಂದು, ಸಂಬಳಸಹಿತ ರಜೆಗೆ ಅರ್ಹನಾದ. ಈ ಕಾಯಿಲೆ ಗಂಡಸರಿಗೆ ಮಾತ್ರ ಬರುತ್ತದೆಂದು ವಾರ್ಷಿಕ ವರದಿಯಲ್ಲಿ ಅಚ್ಚಾಯಿತು. ಬೆಂಚುಗಳಿಗೆ ಮೆತ್ತೆ ಬಂತು. ಅದರ ಮೇಲೆ ಗಂಡಸರು ಕೂತರು, ಜೊತೆಗಾರ್ತಿಯರು ಸಾಲಾಗಿ ಮಹಡಿ ಹತ್ತಿದರು. ಡಾಕ್ಟರಮ್ಮನಿಗೆ ಊಟಕ್ಕೂ ಪುರಸೊತ್ತಿಲ್ಲದಾಯಿತು.

ಮನೆಯಲ್ಲಿ ಅತ್ತೆ ಮಗನ ಹೆಸರಿಗೆ ಸಂಸ್ಥೆ ಕೊಟ್ಟ ಕಾಗದ ಓದಿಸಿ ಕೇಳಿ ಎದೆ ಹಿಡಿದುಕೊಂಡಳು. "ನನ್ನ ಕಂದ! ಇಷ್ಟು ದಿನ ಬಾಯಿ ಬಿಡದೆ ಹೇಗೆ ಸಹಿಸಿದ್ಯೋ!" ಅಂದು ಅವನಿಗೆ ಹಾಸಿಗೆ ಬಿಡಿಸಿದಳು. ಸೊಸೆಯನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ನೋಡಮ್ಮ, ಹುಡುಗ ನೋವಲ್ಲಿದ್ದಾನೆ. ನೀನು ಒತ್ತಾಯ ಮಾಡಬೇಡ."

"ಆಯ್ತು ಅತ್ತೆ, ತಡ್ಕೋತೀನಿ," ಅಂದಳು ಸೊಸೆ.

ಆರನೇ ತಿಂಗಳು ಇಬ್ಬರೂ ಮತ್ತೆ ಸಂಸ್ಥೆಗೆ ಬಂದರು. ಹೊಲಿಗೆಯವಳ ಮುಖ ನೋಡಿಯೇ ಡಾಕ್ಟರಮ್ಮ ಪೆನ್ನು ತೆಗೆದು, ರೋಗಿ ಪೂರ್ತಿ ಗುಣವಾಗಿದ್ದಾರೆ ಎಂದು ಬರೆದಳು. ಕೆಳಗೆ ಮುದ್ರೆಯಪ್ಪ ಡ್ರೈವರನ ಕೈ ಹಿಡಿದು ಕುಲುಕಿದ. "ಗಂಡಸು ಅಂದ್ರೆ ನೀವು ಸಾರ್! ಎಂಥಾ ತಾಳ್ಮೆ!" ಆಮೇಲೆ ಕೊನೆಯ ಕಲಮು ಖಾಲಿಯಿರುವುದನ್ನು ಕಂಡು ಹೊಲಿಗೆಯವಳ ಕಡೆ ತಿರುಗಿದ. "ಜೊತೆಗಾರ್ತಿಯ ಹೇಳಿಕೆ ಬೇಕು. ಈಗ ಹೇಗಿದ್ದಾರಮ್ಮ ಇವರು?"

ಅವಳು ಗಂಡನನ್ನು ಒಮ್ಮೆ ನೋಡಿ, ನೆಲ ನೋಡಿ, ನಗು ತಡೆಯಲಾರದೆ ಅಂದಳು: "ತುಂಬಾ ಸುಖವಾಗಿದ್ದಾರೆ."

ಗಂಡಸಿಗೆ ಸಂಬಂಧಪಟ್ಟ ವಿಷಯವಾದ್ದರಿಂದ, ಹೆಂಡತಿಯ ಮಾತನ್ನು ಬೇರೆ ಸಾಕ್ಷಿ ಕೇಳದೆ ನಂಬಲಾಯಿತು.