ಅಜ್ಜಿ ಮೀನಿನ ಹೊಟ್ಟೆಯಲ್ಲಿರುವ ಇಲಾಖೆಯ ಬ್ಯಾಕ್ಟೀರಿಯಾಗಳನ್ನು ಎಣಿಸುವ ಕುರಿತು

ಸಂಖ್ಯೆ: ಸಿ.ಮೀ.ಇ/ಕರುಳು ಶಾಖೆ/ಗಣತಿ/ಭಾಗ-೪

ಸುತ್ತೋಲೆ
(ತುರ್ತು. ನೀರು ತಾಗದಂತೆ ಇಡತಕ್ಕದ್ದು.)

ವಿಷಯ: ಮೂರನೇ ಕೊಳದ ತಾಯಿ ಮೀನಿನ ಕರುಳಿನಲ್ಲಿ ಇವೆಯೆಂದು ನಂಬಲಾದ ಇಲಾಖಾ ಬ್ಯಾಕ್ಟೀರಿಯಾಗಳ ಹಾಜರಾತಿ ಬಗ್ಗೆ.

ಉಲ್ಲೇಖ: ೧) ಪ್ರಯೋಗಾಲಯದ ವರದಿ (ಒದ್ದೆಯಾಗಿರುವುದರಿಂದ ದಿನಾಂಕ ಓದಲಾಗಿಲ್ಲ).
೨) ಬಲೆಗಾರರ ಮೌಖಿಕ ಹೇಳಿಕೆ.
೩) ಮೇವುಗಾರ್ತಿಯವರ ಮೌಖಿಕ ಹೇಳಿಕೆಯಲ್ಲಿ ಬರೆಯಲು ಯೋಗ್ಯವಾದಷ್ಟು ಭಾಗ.

* * *

ಕೊಯ್ಯುವ ಮೇಜಿನ ಮೇಲೆ ಮಲಗಿಸಿದ್ದ ಮೀನನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಎದೆಗವಚಿಕೊಂಡು, ಪ್ರಯೋಗಾಲಯದ ಹಿಂಬಾಗಿಲಿನಿಂದ ಓಡಿಹೋಗಿ ಪುನಃ ಕೊಳಕ್ಕೆ ಬಿಟ್ಟಿರುವ ದಿನಗೂಲಿ ಮೇವುಗಾರ್ತಿಯವರ ಕೃತ್ಯವನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ಆ ಸಮಯದಲ್ಲಿ ಕತ್ತರಿ ಹಿಡಿದು ನಿಂತಿದ್ದ ಪ್ರಯೋಗಾಲಯದ ತಂತ್ರಜ್ಞರು ಆಕೆಯನ್ನು ತಡೆಯುವ ಬದಲು "ಅಕ್ಕಾ, ನಿಧಾನ, ನೆಲ ಜಾರತ್ತೆ" ಎಂದಷ್ಟೇ ಹೇಳಿರುವುದು ತಿಳಿದುಬಂದಿದ್ದು, ಅವರಿಂದ ಪ್ರತ್ಯೇಕವಾಗಿ ವಿವರಣೆ ಕೇಳಲಾಗಿದೆ. ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರಿಗೂ, ಸಂಬಂಧವಿಲ್ಲವೆಂದು ಹೇಳಿಕೊಳ್ಳುವವರಿಗೂ, ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಸಾಕುಮೀನುಗಳ ಜೀರ್ಣಶಕ್ತಿ ಹೆಚ್ಚಿ ರೋಗರುಜಿನ ಕಡಿಮೆಯಾಗಲೆಂದು ಇಲಾಖೆಯು ಒಳ್ಳೆಯ ಬ್ಯಾಕ್ಟೀರಿಯಾಗಳ ಪುಡಿಯನ್ನು ತರಿಸಿ, ಎಲ್ಲಾ ಕೊಳಗಳ ಮೇವಿನಲ್ಲಿ ಕಲಸಿ ಹಾಕಿಸಿರುತ್ತದೆ. ಚೀಲಗಳು ಖಾಲಿಯಾದ ಮಾತ್ರಕ್ಕೆ ಬ್ಯಾಕ್ಟೀರಿಯಾಗಳು ಕೆಲಸಕ್ಕೆ ಹಾಜರಾಗಿವೆ ಎಂದು ಭಾವಿಸುವಂತಿಲ್ಲ. ಅವು ಮೀನಿನ ಕರುಳಿನಲ್ಲಿ ಖುದ್ದಾಗಿ ಇರುವುದನ್ನು ತೋರಿಸುವಂತೆ ಮೇಲಿನ ಕಚೇರಿ ಕೇಳಿದೆ.

೨. ಮೀನನ್ನು ಹಿಡಿದು ಮಾರುವ ಹಿಂದಿನ ದಿನ, ಹೊಟ್ಟೆ ಖಾಲಿಯಾಗಲೆಂದು, ಮೇವು ನಿಲ್ಲಿಸುವುದು ಕೊಳದ ಸಿಬ್ಬಂದಿಯ ವಾಡಿಕೆ. "ನಾಳೆ ಮೀನು ಕೊಯ್ತಾರಂತೆ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ, ಯಾರೂ ಹೇಳದಿದ್ದರೂ, ಸಿಬ್ಬಂದಿಯು ಮಾರಾಟದ ಮೀನಿರುವ ಎಲ್ಲಾ ಕೊಳಗಳಿಗೂ ಮೇವು ನಿಲ್ಲಿಸಿದ್ದಾರೆ. ಪರಿಣಾಮವಾಗಿ, ಕೊಯ್ದ ಪ್ರತಿಯೊಂದು ಮೀನಿನ ಬಗ್ಗೆಯೂ "ಕರುಳು ಖಾಲಿ, ಪರೀಕ್ಷೆಗೆ ಸಾಕಾಗುವಷ್ಟು ಸಿಗಲಿಲ್ಲ" ಎಂಬ ವರದಿ ಬಂದಿದೆ. ಕಚೇರಿಯ ತಖ್ತೆಯಲ್ಲಿ ಇಷ್ಟುದ್ದ ಬರೆಯಲು ಜಾಗವಿಲ್ಲದ ಕಾರಣ "ಸೊನ್ನೆ" ಎಂದು ನಮೂದಿಸಲಾಗಿದೆ. ನಮೂದಿಸಿದ ನಂತರ ಅದು ಸೊನ್ನೆಯೇ ಆಗಿರುತ್ತದೆ. ಅದೇ ಕೊಳಗಳ ಮೀನುಗಳಿಗೆ ಮೇವು ಹಾಕಿ ಮತ್ತೊಮ್ಮೆ ಕೊಯ್ದು, ಅನುಮೋದನೆಗೊಂಡ ಸೊನ್ನೆಯನ್ನು ಸುಳ್ಳಾಗಿಸಲು ಅವಕಾಶವಿಲ್ಲ.

೩. ಮೂರನೇ ಕೊಳದ ತಾಯಿ ಗೆಂಡೆ ಮೀನು (ಸಿಬ್ಬಂದಿಯ ಬಾಯಲ್ಲಿ "ಅಜ್ಜಿ") ಮಾರಾಟದ ಮೀನಲ್ಲ. ಮರಿ ಪಡೆಯಲೆಂದು ಸಾಕಿದ್ದು. ಆದ್ದರಿಂದ ಅದನ್ನು ಉಪವಾಸ ಕೆಡವುವ ಪದ್ಧತಿ ಇರುವುದಿಲ್ಲ. ಇಡೀ ಕೇಂದ್ರದಲ್ಲಿ ಆ ದಿನ ಹೊಟ್ಟೆ ತುಂಬಿದ್ದ ಮೀನು ಇದೊಂದೇ ಆಗಿರುವುದರಿಂದ, ಬೇರೆಲ್ಲೂ ಸಿಗದ ಇಲಾಖೆಯ ಬ್ಯಾಕ್ಟೀರಿಯಾಗಳೆಲ್ಲವೂ ಅಲ್ಲಿಯೇ ಸೇರಿಕೊಂಡಿವೆ ಎಂಬ ತೀರ್ಮಾನಕ್ಕೆ ಬರಲಾಗಿದೆ. ಕೊಳದಿಂದ ಕೊಳಕ್ಕೆ ಅವು ಹೇಗೆ ಹೋದವು ಎಂಬುದು ಪ್ರಯಾಣ ಭತ್ಯೆ ಶಾಖೆಗೆ ಸಂಬಂಧಿಸಿದ ವಿಷಯ.

೪. "ಅದನ್ನ ಯಾಕೆ ಸಾಯಿಸ್ಬೇಕು ಸಾರ್, ಅದರ ಹಿಕ್ಕೆ ಸಿಕ್ರೆ ಸಾಕು, ನೋಡಿ ಹೇಳ್ಬೋದು" ಎಂದು ತಂತ್ರಜ್ಞರು ಸಲಹೆ ನೀಡಿರುತ್ತಾರೆ. ಸಲಹೆಯನ್ನು ಪರಿಶೀಲಿಸಲಾಯಿತು. ಹೊರಗೆ ಬಂದ ಬ್ಯಾಕ್ಟೀರಿಯಾ ಕೆಲಸ ಬಿಟ್ಟು ಬಂದ ಬ್ಯಾಕ್ಟೀರಿಯಾ. ಅದನ್ನು ಹಾಜರಿ ಎಂದು ತೋರಿಸುವುದು ಅಕ್ರಮವಾಗುತ್ತದೆ. ಸಲಹೆ ತಿರಸ್ಕೃತ.

೫. ಅಜ್ಜಿಯನ್ನು ಕೊಯ್ಯುವವರೆಗೆ ಅದರ ಕರುಳಿನೊಳಗೆ ಈ ಕೆಳಗಿನ ಶಿಸ್ತು ಜಾರಿಯಲ್ಲಿರತಕ್ಕದ್ದು:

(ಅ) ಇಲಾಖೆಯ ಬ್ಯಾಕ್ಟೀರಿಯಾಗಳು ಪೂರ್ವಾನುಮತಿ ಇಲ್ಲದೆ ಒಂದು ಎರಡಾಗತಕ್ಕದ್ದಲ್ಲ. ಎರಡಾದಲ್ಲಿ, ಯಾವುದು ಮೂಲ ನೌಕರ, ಯಾವುದು ಹೊಸದು ಎಂಬುದನ್ನು ಅವೇ ಇತ್ಯರ್ಥ ಮಾಡಿಕೊಳ್ಳತಕ್ಕದ್ದು.

(ಆ) ಮೊದಲಿನಿಂದಲೂ ಅಲ್ಲಿರುವ ಬ್ಯಾಕ್ಟೀರಿಯಾಗಳು ಇಲಾಖೆಯವಕ್ಕೆ ಜಾಗ ಬಿಟ್ಟುಕೊಡತಕ್ಕದ್ದು. "ನಾವೂ ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇವೆ" ಎಂಬಂಥ ವಾದಗಳನ್ನು ಪುರಸ್ಕರಿಸಲಾಗುವುದಿಲ್ಲ.

(ಇ) ಮೀನು ಸತ್ತ ನಂತರವೂ, ಎಣಿಕೆ ಮುಗಿಯುವ ತನಕ, ಎಲ್ಲವೂ ಜೀವಂತ ಇರತಕ್ಕದ್ದು.

೬. ಈ ಕೇಂದ್ರದ ಮೀನನ್ನು ತಿಂದಿರುವ ಸಿಬ್ಬಂದಿಯ ಹೊಟ್ಟೆಗೆ ಇಲಾಖೆಯ ಬ್ಯಾಕ್ಟೀರಿಯಾ ಸೇರಿರುವ ಸಂಭವವಿದೆ. ಮೀನು ಚೆನ್ನಾಗಿ ಬೆಂದಿತ್ತು ಎಂಬುದನ್ನು ಅಡುಗೆ ಮಾಡಿದವರಿಂದ (ಹೆಂಡತಿ, ಅತ್ತೆ, ಸ್ವತಃ ತಾನೇ, ಅನ್ವಯಿಸುವುದು) ದೃಢೀಕರಿಸಿ ಸಲ್ಲಿಸತಕ್ಕದ್ದು. ಅರೆಬೆಂದದ್ದನ್ನು ತಿಂದವರನ್ನು ಮುಂದಿನ ಆದೇಶದವರೆಗೆ ಕೊಳವೆಂದು ಪರಿಗಣಿಸಲಾಗುವುದು.

೭. ಈ ವಿಷಯವಾಗಿ ಬಲೆಗಾರರು, ಸಂಬಂಧದಲ್ಲಿ ಮೇವುಗಾರ್ತಿಯವರ ಮೈದುನ, ಇಲಾಖೆಯ ಪರವಾಗಿ ಆಕೆಯೊಂದಿಗೆ ಮಾತುಕತೆ ನಡೆಸಿದ್ದಾರೆ. "ಅತ್ತಿಗೆ, ಒಂದು ಮೀನಿಗೋಸ್ಕರ ಯಾಕೆ ಹಟ, ಸಾಹೇಬ್ರು ಕೇಳ್ತಿದಾರಲ್ಲ" ಎಂದು ಅವರು ಕೇಳಲಾಗಿ, "ಬ್ಯಾಕ್ಟೀರಿಯಾ ಸಾಹೇಬ್ರ ಹೊಟ್ಟೇಲೂ ಇರ್ತವೆ. ಮೊದ್ಲು ಅದನ್ನ ಕುಯ್ದು ನೋಡ್ಲಿ, ಕಮ್ಮಿ ಬಿದ್ರೆ ಆಮೇಲೆ ಬರ್ಲಿ" ಎಂದು ಮೇವುಗಾರ್ತಿಯವರು ಉತ್ತರಿಸಿರುತ್ತಾರೆ. ಈ ಪರ್ಯಾಯವನ್ನು ಕಾನೂನು ಶಾಖೆಗೆ ಕಳುಹಿಸಲಾಗಿತ್ತು. ಶಾಖೆಯು ತಾತ್ವಿಕವಾಗಿ ಅಡ್ಡಿಯಿಲ್ಲವೆಂದು ಅಭಿಪ್ರಾಯಪಟ್ಟಿರುವುದರಿಂದ ಆ ಶಾಖೆಯ ಮುಖ್ಯಸ್ಥರನ್ನು ವರ್ಗಾಯಿಸಲಾಗಿದೆ.

೮. ಬಲೆ ಬೀಸಿ ಹಿಡಿಯುವಂತೆ ಬಲೆಗಾರರಿಗೆ ಲಿಖಿತವಾಗಿ ಸೂಚಿಸಲಾಗಿತ್ತು. "ಬಲೆ ಹರಿದಿದೆ ಸಾರ್, ಹೊಲಿಯೋಕೆ ಕೊಟ್ಟಿದೀನಿ" ಎಂದು ಅವರು ವರದಿ ಮಾಡಿದ್ದಾರೆ. ಕೇಂದ್ರದಲ್ಲಿ ಬಲೆ ಹೊಲಿಯುವವರು ಅವರೊಬ್ಬರೇ ಎಂಬ ಅಂಶವನ್ನು ಇಲಾಖೆಯು ಗಮನಿಸಿದೆ.

೯. ಅಜ್ಜಿಯು ಬಕೆಟ್ ತಟ್ಟಿದ ಸದ್ದಿಗೆ ದಂಡೆಗೆ ಬರುತ್ತದೆ, ಆದರೆ ಮೇವುಗಾರ್ತಿಯವರು ತಟ್ಟಿದರೆ ಮಾತ್ರ. ಕಳೆದ ಬಾರಿ ಕೊಯ್ಯಲೆಂದು ಹಿಡಿದಾಗಲೂ ಆಕೆಯೇ ತಟ್ಟಿ ಕರೆದಿದ್ದರು. ತೂಕ ನೋಡಲಿಕ್ಕೆಂದು ಆಕೆಗೆ ತಿಳಿಸಿದ್ದು ಆಡಳಿತಾತ್ಮಕ ಅನುಕೂಲಕ್ಕಾಗಿಯೇ ಹೊರತು ಮೋಸವಲ್ಲ. ನಂತರದ ದಿನಗಳಲ್ಲಿ ಕ್ರಮವಾಗಿ ಜವಾನರು, ಗುಮಾಸ್ತರು, ಅಧೀಕ್ಷಕರು ಹಾಗೂ ಸ್ವತಃ ನಿರ್ದೇಶಕರು ಬಕೆಟ್ ತಟ್ಟಿರುತ್ತಾರೆ. ನಿರ್ದೇಶಕರು "ಬಾರಮ್ಮಾ" ಎಂದು ಕರೆದೂ ನೋಡಿದ್ದಾರೆ. ಮೀನು ಕೊಳದ ನಡುವೆ ಒಮ್ಮೆ ಬೆನ್ನು ತೋರಿಸಿ ಮುಳುಗಿದೆ. ಇದನ್ನು ಅವಿಧೇಯತೆ ಎಂದು ಪರಿಗಣಿಸಬೇಕೇ ಎಂಬುದು ಪರಿಶೀಲನೆಯಲ್ಲಿದೆ.

೧೦. ಮೇಲ್ಕಂಡ ಎಲ್ಲಾ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಮಾನವೀಯ ನೆಲೆಯಲ್ಲಿ, ಈ ಕೆಳಗಿನ ವಿಶೇಷ ಆದೇಶವನ್ನು ಹೊರಡಿಸಲಾಗಿದೆ. ಬಹಳ ವರ್ಷಗಳಿಂದ ದಿನಗೂಲಿಯಲ್ಲಿದ್ದು, ಪ್ರತಿ ವರ್ಷವೂ ಖಾಯಂ ಮಾಡುವಂತೆ ಮನವಿ ಸಲ್ಲಿಸುತ್ತಾ ಬಂದಿರುವ ಮೇವುಗಾರ್ತಿಯವರನ್ನು "ಖಾಯಂ ಮೇವುಗಾರ್ತಿ, ಮೂರನೇ ಕೊಳ" ಎಂಬ ಹುದ್ದೆಗೆ ನೇಮಿಸಲು ಒಪ್ಪಿಗೆ ನೀಡಲಾಗಿದೆ. ಇದಕ್ಕೆ ಪ್ರತಿಯಾಗಿ ಆಕೆಯು ಬಕೆಟ್ಟನ್ನು ಒಂದೇ ಒಂದು ಬಾರಿ ತಟ್ಟತಕ್ಕದ್ದು. ಅಜ್ಜಿಯ ನಂತರ ಮೂರನೇ ಕೊಳದಲ್ಲಿ ಮೇವು ತಿನ್ನುವವರು ಯಾರೂ ಇರುವುದಿಲ್ಲವಾದರೂ ಹುದ್ದೆ ನಿವೃತ್ತಿಯವರೆಗೆ ಮುಂದುವರಿಯುವುದು. ಒಳಗಿನದನ್ನು ತೆಗೆದ ಅಜ್ಜಿಯನ್ನು ಹುಲ್ಲು ತುಂಬಿಸಿ, ಬಣ್ಣ ಬಳಿದು, ಆಕೆಯ ಮೇಜಿನ ಎದುರಿನ ಗೋಡೆಗೆ ಹಾಕಿಕೊಡಲಾಗುವುದು. ಮೇಜು ಸಹ ಕೊಡಲಾಗುವುದು.

ಈ ಆದೇಶವು ತಲುಪಿದ ಕ್ಷಣದಿಂದ ಜಾರಿಗೆ ಬರುತ್ತದೆ.

ಸಹಿ/-
ಮುಖ್ಯಸ್ಥರು (ಪ್ರಭಾರ), ಕರುಳು ಶಾಖೆ
ನಿರ್ದೇಶಕರ ಪರವಾಗಿ

ಪ್ರತಿಗಳು:

೧. ಮೇಲಿನ ಕಚೇರಿಗೆ, ಎಣಿಕೆ ಮುಗಿದಿದೆ ಎಂದು ಈಗಲೇ ಭಾವಿಸುವ ಕೋರಿಕೆಯೊಂದಿಗೆ.

೨. ಪ್ರಯೋಗಾಲಯದ ತಂತ್ರಜ್ಞರಿಗೆ, ಕತ್ತರಿ ಸಮೇತ ದಂಡೆಯಲ್ಲಿ ಹಾಜರಿರಲು. ಹಿಂಬಾಗಿಲಿಗೆ ಅಗುಳಿ ಹಾಕಿರಲು.

೩. ಬಲೆಗಾರರಿಗೆ, ಸೂಜಿ ದಾರ ಕಚೇರಿಗೆ ಒಪ್ಪಿಸಲು.

೪. ಮೂರನೇ ಕೊಳದ ಸೂಚನಾ ಫಲಕಕ್ಕೆ, ಅಕ್ಷರಗಳು ನೀರಿನ ಕಡೆಗೆ ಕಾಣುವಂತೆ ಅಂಟಿಸಲು.

೫. ಕರುಳಿನ ಬ್ಯಾಕ್ಟೀರಿಯಾಗಳಿಗೆ, ಮೀನಿನ ಮುಖಾಂತರ.

೬. ಮೇವುಗಾರ್ತಿಯವರಿಗೆ, ಜವಾನರು ಖುದ್ದಾಗಿ ಓದಿ ಹೇಳಿ ಉತ್ತರ ತರಲು.

(ಜವಾನರ ಷರಾ: ಕೊಳದ ಹತ್ತಿರ ಹೋಗಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಖಾಯಂ ಅಂತ ಇರುವ ಸಾಲನ್ನು ಇನ್ನೊಂದು ಸಲ ಓದಿಸಿದರು. ಆಮೇಲೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. "ಬೇಡ ಅಂತ ಬರ್ಕೋ" ಅಂದರು.)